ಸಹಿಗೆ ಬೆಲೆ ಬಂತು, ಓದಿಗೆ?

ಹರಿಜನ ನಿಧಿಗೆ ಐದು ರೂಪಾಯಿ ಕೊಟ್ಟವರಿಗೆ ಗಾಂಧೀಜಿ ಹಸ್ತಾಕ್ಷರ ಹಾಕಿಕೊಡುತ್ತಿದ್ದರು. ಕೇಳಿದವರಿಗೆ ಒಂದು ನೆನಪು, ನಿಧಿಗೆ ಹಣ. ಇಂದು ಅವರ ಸಹಿಯಿರುವ ಕಾಗದಗಳು ವಿದೇಶದ ಹರಾಜುಗಳಲ್ಲಿ ದೊಡ್ಡ ಬೆಲೆಗೆ ಹೋಗುತ್ತವೆ. ಸಹಿ ಅಸಲಿಯೇ ಎಂದು ಪರೀಕ್ಷಿಸುವಷ್ಟು ಆಸ್ಥೆ, ಆ ಕಾಗದದಲ್ಲಿ ಏನು ಬರೆದಿದೆ ಎಂಬುದರ ಮೇಲೆ ಇರುವುದಿಲ್ಲ. ಈ ಹವ್ಯಾಸದ ಬಗ್ಗೆ ನನ್ನ ತಕರಾರು ಇಷ್ಟೇ.

ಹಸ್ತಾಕ್ಷರವೆಂದರೆ ಸಹಿಯೂ ಹೌದು, ಕೈಬರಹವೂ ಹೌದು. ಈ ಎರಡನೇ ಅರ್ಥದಲ್ಲಿ ನಮ್ಮ ನಾಡಿನ ಅಪರೂಪದ ಹಸ್ತಾಕ್ಷರ ಟಿಪ್ಪು ಸುಲ್ತಾನನ ಕನಸಿನ ಪುಸ್ತಕ. ತಾನು ಕಂಡ 37 ಕನಸುಗಳನ್ನು ಆತ ಪಾರ್ಸಿಯಲ್ಲಿ ಸ್ವಂತ ಕೈಯಿಂದ ಬರೆದಿಟ್ಟಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಅರಮನೆಯಲ್ಲಿ ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್‌ನ ಕೈಗೆ ಸಿಕ್ಕಿತು. ಓದುವಾಗಲೋ ಬರೆಯುವಾಗಲೋ ಯಾರಾದರೂ ಬಂದರೆ ಸುಲ್ತಾನ ಅದನ್ನು ಮರೆಮಾಡಲು ಹವಣಿಸುತ್ತಿದ್ದನಂತೆ. ಹಾಗೆ ಬಚ್ಚಿಟ್ಟಿದ್ದ ಬರಹ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರಿಗೆ ಕಾಣಿಕೆಯಾಯಿತು. ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಗೆದ್ದವರಿಗೆ ಅದು ಗೆಲುವಿನ ಗುರುತು. ಓದಿದವರಿಗೆ ಮಾತ್ರ ಅದರೊಳಗಿನ ಮನುಷ್ಯ ಕಾಣುತ್ತಾನೆ. ಮರಾಠರ ಮೇಲಿನ ರಾತ್ರಿ ದಾಳಿಗೆ ಮುನ್ನ ಕಂಡ ಒಂದು ಕನಸಿನಲ್ಲಿ ಚೆಲುವ ಯುವಕನೊಬ್ಬ ಪೇಟ ತೆಗೆಯುತ್ತಾನೆ. ಉದ್ದ ಕೂದಲು ಇಳಿಬಿದ್ದು ಹೆಣ್ಣೆಂದು ಗೊತ್ತಾಗುತ್ತದೆ. ಶತ್ರುಗಳು ಗಂಡುಡುಗೆ ತೊಟ್ಟ ಹೆಂಗಸರು ಎಂದು ಟಿಪ್ಪು ಅದಕ್ಕೆ ಅರ್ಥ ಹಚ್ಚುತ್ತಾನೆ. ಹೆಣ್ಣನ್ನು ಕೀಳೆಂದು ಬಗೆಯುವ ದರ್ಪ ಇಲ್ಲಿದೆ, ಯುದ್ಧದ ಹಿಂದಿನ ದಿನ ಧೈರ್ಯ ಹುಡುಕುವ ಅಳುಕೂ ಇದೆ. ಟಿಪ್ಪುವನ್ನು ಮೆರೆಸುವವರೂ ಹಳಿಯುವವರೂ ಇಂಥ ಪುಟಗಳನ್ನು ತೆರೆಯುವುದು ಕಡಿಮೆ. ಗಿರೀಶ ಕಾರ್ನಾಡರು ತೆರೆದರು. ಈ ಕನಸುಗಳನ್ನಿಟ್ಟುಕೊಂಡು ಅವರು ಬರೆದ ನಾಟಕ 1997ರಲ್ಲಿ ಬಿಬಿಸಿ ರೇಡಿಯೋದಲ್ಲಿ ಪ್ರಸಾರವಾಯಿತು.

ನಮ್ಮ ರಾಯಚೂರು ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, ದಫ್ತರದ ಭಾಷೆ ಉರ್ದು. ಆ ಕಾಲದ ಕಾಗದಗಳು ಹಿಂದೂ, ಮುಸ್ಲಿಂ ಎನ್ನದೆ ಇಲ್ಲಿನ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿವೆ. ಪೋತ್ನಾಳದ ನಮ್ಮ ನೆರೆಯ ರೈತರೊಬ್ಬರು ಅಂಥದೊಂದನ್ನು ಹಿಡಿದುಕೊಂಡು ಬಂದರು.

"ಸಾಹೇಬ್ರ, ಇದ್ರಾಗ ನಿಜಾಮನ ಸಹಿ ಐತೇನ್ರಿ? ಮಾರಿದ್ರ ರೊಕ್ಕ ಬರ್ತದೇನ್ರಿ?"

ನಿಜಾಮನ ಸಹಿ ಇರಲಿಲ್ಲ. ಅವರ ಮುತ್ತಜ್ಜನ ಹೆಸರು, ಹೊಲದ ಚಕ್ಕುಬಂದಿ, ಕೆಳಗೆ ಒಂದು ಹೆಬ್ಬೆಟ್ಟಿನ ಗುರುತು ಇದ್ದವು. ಓದಿ ಹೇಳಿದೆ. ಅವರು ಆ ಹೆಬ್ಬೆಟ್ಟನ್ನು ಬೆರಳಿನಿಂದ ಒಮ್ಮೆ ಮುಟ್ಟಿ, ಕಾಗದ ಮಡಿಚಿ ಕಿಸೆಗಿಟ್ಟುಕೊಂಡರು. ರೊಕ್ಕದ ಮಾತು ಮತ್ತೆ ಎತ್ತಲಿಲ್ಲ.

ಉರ್ದು ಶಾಲೆಯಲ್ಲೂ ಕಲಿತಿದ್ದರಿಂದ ನಾನು ಓದಿದೆ. ನನ್ನ ಮಗನಿಗೆ ಆ ಲಿಪಿ ಬಾರದು. ಸಂಗ್ರಹಿಸುವವರು ಸಂಗ್ರಹಿಸಲಿ. ಆದರೆ ಓದಬಲ್ಲ ನಾಲ್ಕು ಮಕ್ಕಳನ್ನು ತಯಾರು ಮಾಡದೆ ಕಾಗದ ಕೂಡಿಟ್ಟರೆ, ನಾಳೆ ಸುಲ್ತಾನನ ಕನಸೂ ರೈತನ ಹೆಬ್ಬೆಟ್ಟೂ ಗಾಜಿನ ಹಿಂದಿನ ಮಸಿಯಾಗಿ ಉಳಿಯುತ್ತವೆ.