ಹೇಳಿದವರು, ಜೊತೆಗಿದ್ದವರು

ಕುವೆಂಪು ಅವರ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ (1980) ಕೃತಿಯನ್ನು ನೀವು ಓದಿರದಿದ್ದರೂ ಅದರೊಳಗಿನ ಒಂದು ಪ್ರಸಂಗವನ್ನು ಕೇಳಿಯೇ ಇರುತ್ತೀರಿ. ರಾಜ್ಯೋತ್ಸವದ ವೇದಿಕೆಗಳಲ್ಲಿ ಅದನ್ನು ನೆನೆಯದ ಭಾಷಣಕಾರರು ವಿರಳ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ, ಇನ್ನೂ ಇಪ್ಪತ್ತು ತುಂಬದ ಪುಟ್ಟಪ್ಪ ತಮ್ಮ ಇಂಗ್ಲಿಷ್ ಕವನಗಳನ್ನು ಅವರ ಮುಂದಿಟ್ಟರು. ಎರಡು ವರ್ಷಗಳ ಹಿಂದೆಯೇ ‘ಬಿಗಿನರ್ಸ್ ಮ್ಯೂಸ್’ ಎಂಬ ಪುಸ್ತಿಕೆ ಅಚ್ಚಾಗಿತ್ತು. ಹೊಗಳಿಕೆಯ ನಿರೀಕ್ಷೆ ಸಹಜವೇ. ಕಸಿನ್ಸರು ಹೊಗಳಲಿಲ್ಲ. ತಾಯ್ನುಡಿಯಲ್ಲಿ ಏನು ಬರೆದಿದ್ದೀರಿ ಎಂದು ಕೇಳಿದರು. ಹೊಸ ಭಾವಗಳಿಗೂ ಹೊಸ ಛಂದಸ್ಸಿಗೂ ಕನ್ನಡ ಒಗ್ಗದೆಂದು ತರುಣನು ವಾದಿಸಿದಾಗ, ಯಾವ ಭಾಷೆಯೂ ಅಸಮರ್ಥವಲ್ಲವೆಂದು ಹೇಳಿ ರವೀಂದ್ರರ ಬಂಗಾಳಿಯನ್ನು ನಿದರ್ಶನವಾಗಿ ತೋರಿದರು.

ಭಾಷಣಗಳಲ್ಲಿ ಈ ಕಥೆ ಪವಾಡದಂತೆ ಇಲ್ಲಿಗೇ ಮುಗಿದುಬಿಡುತ್ತದೆ. ನನ್ನ ತಕರಾರು ಇಲ್ಲಿಂದಲೇ ಆರಂಭ. ಆ ಯುವಕ ಹಿಂದಿರುಗಿದ್ದು ಕೃತಜ್ಞತೆಯಿಂದಲ್ಲ, ನಿರಾಶೆಯಿಂದ. ಕಸಿನ್ಸರ ಮಾತು ಸತ್ಯವಾಗಿತ್ತು, ಅಗತ್ಯವೂ ಆಗಿತ್ತು. ಆದರೆ ಅದನ್ನು ಹೇಳಿ ಅವರು ತಮ್ಮ ಪ್ರಯಾಣ ಮುಂದುವರಿಸಿದರು. ದಿಕ್ಕು ತೋರುವುದಕ್ಕೆ ಒಂದು ಭೇಟಿ ಸಾಕು. ಆ ದಿಕ್ಕಿನಲ್ಲಿ ನಡೆಯುವವನು ದಣಿದಾಗ, ಮನಸ್ಸು ಬದಲಿಸಿದಾಗ, ಉದ್ಯೋಗದ ಚಿಂತೆಗೆ ಬಿದ್ದಾಗ ಪಕ್ಕದಲ್ಲಿ ಇರಬೇಕಾದವರು ಬೇರೆ.

ಹಾಗೆ ಇದ್ದವರು ತಳುಕಿನ ವೆಂಕಣ್ಣಯ್ಯನವರು. ಬಿ.ಎ. ಮುಗಿಸಿದ ಪುಟ್ಟಪ್ಪನವರ ಒಲವು ಇದ್ದದ್ದು ತತ್ತ್ವಶಾಸ್ತ್ರದ ಕಡೆಗೆ. ಕನ್ನಡ ಎಂ.ಎ. ತರಗತಿ ಮೈಸೂರಿನಲ್ಲಿ ಆಗಷ್ಟೇ, 1927ರಲ್ಲಿ, ಆರಂಭವಾಗಿತ್ತು. ಆ ಪದವಿಯನ್ನು ಹಿಡಿದು ಬದುಕಿದವರ ಉದಾಹರಣೆಯೇ ಇನ್ನೂ ಇರಲಿಲ್ಲ. ಅಂಥ ದಾರಿಗೆ ಪ್ರತಿಭಾವಂತ ಶಿಷ್ಯನೊಬ್ಬನನ್ನು ಕರೆಯುವುದು ಗುರುವಿಗೂ ಸುಲಭವಲ್ಲ. ಶಿಷ್ಯ ಸೋತರೆ ಹೊಣೆ ಕರೆದವರದು. ವೆಂಕಣ್ಣಯ್ಯನವರು ಕರೆದರು. 1929ರಲ್ಲಿ ಪುಟ್ಟಪ್ಪನವರು ಎಂ.ಎ. ಮುಗಿಸಿ ಮಹಾರಾಜಾ ಕಾಲೇಜಿನಲ್ಲಿಯೇ ಅಧ್ಯಾಪಕರಾದರು.

ಈ ಮಹನೀಯರು ಬರೆದದ್ದು ಕಡಿಮೆ. ಎ.ಆರ್. ಕೃಷ್ಣಶಾಸ್ತ್ರಿಗಳೊಡನೆ ರಚಿಸಿದ ಶ್ರೀರಾಮಕೃಷ್ಣ ಪರಮಹಂಸರ ಚರಿತ್ರೆಯನ್ನೂ ಇನ್ನು ಕೆಲವನ್ನೂ ಬಿಟ್ಟರೆ ಎಣಿಸಲು ಹೆಚ್ಚು ಸಿಗದು. ಪ್ರಕಟಿತ ಲೇಖನಗಳ ಪಟ್ಟಿಯಿಂದ ಅಧ್ಯಾಪಕರನ್ನು ಅಳೆಯುವ ಇಂದಿನ ಸಮಿತಿಗಳ ಮುಂದೆ ವೆಂಕಣ್ಣಯ್ಯನವರು ನಿಂತಿದ್ದರೆ ಎಷ್ಟು ಅಂಕ ಬರುತ್ತಿತ್ತೋ! ‘ಶ್ರೀರಾಮಾಯಣ ದರ್ಶನಂ’ ಎಂಬ ಬೃಹತ್ಕೃತಿಯನ್ನು ಯಾವ ಕಲಮಿನಡಿ ಸೇರಿಸುವುದು?

ಅಣಕವಾಡುತ್ತಿಲ್ಲ. 1936ರಲ್ಲಿ ತೊಡಗಿದ ಆ ಮಹಾಕಾವ್ಯ 1949ರಲ್ಲಿ ಪ್ರಕಟವಾಗುವ ಹೊತ್ತಿಗೆ ವೆಂಕಣ್ಣಯ್ಯನವರು ತೀರಿಕೊಂಡು ಹತ್ತು ವರ್ಷಗಳಾಗಿದ್ದವು. ಆದರೂ ಕಾವ್ಯದ ಅರ್ಪಣೆ ಅವರಿಗೇ. ಒಮ್ಮೆ ಆ ಪುಟವನ್ನು ನಿಧಾನವಾಗಿ ಓದಿ ನೋಡಿ. ಅದು ಗತಿಸಿದವರಿಗೆ ಸಲ್ಲಿಸಿದ ಶ್ರದ್ಧಾಂಜಲಿಯಂತಿಲ್ಲ; ಒಪ್ಪಿಸಿದ ಕೆಲಸ ಮುಗಿಸಿ ತಂದ ವಿದ್ಯಾರ್ಥಿ ಬಾಗಿಲಲ್ಲಿ ನಿಂತು ಗುರುವನ್ನು ಕರೆಯುವಂತಿದೆ. ಜಾನಪದವಾಗಿಬಿಟ್ಟ ಕಸಿನ್ಸ್ ಪ್ರಸಂಗಕ್ಕಿಂತ ನನ್ನನ್ನು ಹೆಚ್ಚು ಕಲಕುವುದು ಈ ಪುಟವೇ.

ಇಷ್ಟು ಹೇಳಿ ಒಂದು ಸಂದೇಹವನ್ನೂ ಮುಂದಿಡಬೇಕು. ಗುರುಭಕ್ತಿ ನಮ್ಮಲ್ಲಿ ಅನೇಕ ಬಾರಿ ಶಿಷ್ಯನ ದನಿಯನ್ನೇ ನುಂಗಿದೆ. ದೊಡ್ಡವರ ಬರಹದ ಶೈಲಿಯನ್ನಷ್ಟೇ ಅಲ್ಲ, ಅವರ ಸಿಟ್ಟನ್ನೂ ಜಗಳಗಳನ್ನೂ ಉಂಬಳಿಯಂತೆ ಪಡೆದು ಜೀವಮಾನ ಸವೆಸಿದವರನ್ನು ನೀವೂ ಕಂಡಿರಬಹುದು. ವೆಂಕಣ್ಣಯ್ಯನವರ ಎದುರು ಈ ಅಪಾಯ ಇರಲಿಲ್ಲ, ಏಕೆಂದರೆ ಅವರು ಮಹಾಕವಿಯಾಗಿರಲಿಲ್ಲ. ಕುವೆಂಪು ಆಗಿದ್ದರು. ಅವರ ಬಳಿ ಕಲಿಯುವವರಿಗೆ ನೆರಳೂ ಅಷ್ಟೇ ದೊಡ್ಡದಿತ್ತು.

ಜಿ.ಎಸ್. ಶಿವರುದ್ರಪ್ಪನವರು ಆ ನೆರಳಲ್ಲಿಯೇ ಓದಿದರು. ಅವರ ‘ಸೌಂದರ್ಯ ಸಮೀಕ್ಷೆ’ ಎಂಬ ಸಂಶೋಧನ ಪ್ರಬಂಧ ರೂಪುಗೊಂಡದ್ದು ಕುವೆಂಪು ಮಾರ್ಗದರ್ಶನದಲ್ಲಿ. ಗುರುವನ್ನು ಜೀವನವಿಡೀ ಗೌರವಿಸಿದ ಅವರು ಗುರುವಿನ ಮಹಾಛಂದಸ್ಸನ್ನು ಅನುಕರಿಸಹೋಗಲಿಲ್ಲ. ಸಣ್ಣ ಸಾಲು, ಮೆಲುದನಿ, ಮನೆಯಂಗಳದ ದೀಪದಂಥ ಪದಗಳು. ಕುವೆಂಪು ಅವರಿಗೆ 1964ರಲ್ಲಿ ಸಂದ ರಾಷ್ಟ್ರಕವಿ ಗೌರವ 2006ರಲ್ಲಿ ಈ ಶಿಷ್ಯನಿಗೂ ಸಂದಿತು. ಇಬ್ಬರ ಕವನಗಳನ್ನು ಹೆಸರು ಮುಚ್ಚಿ ನಿಮ್ಮ ಮುಂದಿಟ್ಟರೂ, ಯಾವುದು ಯಾರದೆಂದು ಹೇಳಲು ನಿಮಗೆ ಕ್ಷಣವೂ ಬೇಡ.