ಕಲಿಸಿದವನ ಸಹಿಯಿಲ್ಲದ ಪದವಿ

ಬಳ್ಳಾರಿ ಸೀಮೆಯ ಮೋಕದಲ್ಲಿ ನಮ್ಮ ಮನೆಗೆ ಎರಡು ಮನೆ ಆಚೆ ವಾಸವಾಗಿರುವ ಒಕ್ಕಲು ಕುಟುಂಬದ ಹುಡುಗನೊಬ್ಬ, ವಾಣಿಜ್ಯ ಪದವಿಯ ಕಡೆಯ ವರ್ಷವನ್ನು ಓದುತ್ತಲೇ ಸಿರುಗುಪ್ಪದ ಕಡೆಯ ಅಕ್ಕಿ ಗಿರಣಿಯೊಂದರಲ್ಲಿ ಅಪ್ರೆಂಟಿಸನಾಗಿ ದುಡಿದು ಬಂದವನು, ಕಾಲೇಜಿಗೆ ಒಪ್ಪಿಸಬೇಕಾಗಿದ್ದ ದಿನಚರಿ ಪುಸ್ತಕವನ್ನು ‘ತಪ್ಪಿದ್ರ ತಿದ್ದಿಕೊಡ್ರಿ ಸಾರ್’ ಎಂದು ನನ್ನ ಮುಂದಿಟ್ಟನು. ಕಾವ್ಯನಾಟಕಗಳ ಗುಣದೋಷಗಳನ್ನು ಎಣಿಸಿ ರೂಢಿಯಾದ ಕಣ್ಣಿಗೆ ಆ ನೀಲಿ ರಟ್ಟಿನ ಪುಸ್ತಕವೂ ಒಂದು ಕೃತಿಯೆಂದೇ ತೋರಿದುದರಿಂದ ಅದನ್ನು ಆದ್ಯಂತವಾಗಿ ಓದಿದೆ. ‘ಸ್ಟಾಕ್ ಚೆಕಿಂಗ್’, ‘ಬಿಲ್ ಎಂಟ್ರಿ’, ಪುನಃ ‘ಸ್ಟಾಕ್ ಚೆಕಿಂಗ್’. ಪುಟ ತಿರುವಿದರೆ ಮತ್ತದೇ. ಪ್ರತಿ ಪುಟದ ತಳದಲ್ಲಿ ಒಂದೇ ಶಾಯಿಯಲ್ಲಿ, ಒಂದೇ ಸಲ ಕುಳಿತು ಹಾಕಿದಂತಿದ್ದ ಒಂದೇ ಸಹಿ. ಇಷ್ಟು ನೀರಸವಾದ ಗ್ರಂಥವನ್ನು ನಾನು ಈಚಿನ ವರ್ಷಗಳಲ್ಲಿ ಓದಿದ್ದಿಲ್ಲ.

ಆದರೆ ಗ್ರಂಥ ನೀರಸವಾದ ಮಾತ್ರಕ್ಕೆ ಅದರ ಹಿಂದಣ ಅನುಭವವೂ ನೀರಸವೆಂದು ತೀರ್ಮಾನಿಸುವುದು ವಿಮರ್ಶಕನಿಗೆ ಸಲ್ಲದು. ಸರಕಾರಿ ಕನ್ನಡವು ‘ಶಿಶಿಕ್ಷು’ ಎಂದು ಕರೆಯುವ, ನಮ್ಮೂರಿನ ಯಾರ ಬಾಯಿಗೂ ಹತ್ತದ ಹೆಸರಿನ ಈ ಪ್ರಾಣಿಗೆ ನಮ್ಮ ದೇಶದಲ್ಲಿ 1961ರ ಅಧಿನಿಯಮವೇ ಆಧಾರ. ಮೊದಲು ಕಾರ್ಖಾನೆಯ ಕಸುಬುಗಳಿಗೆ ಮೀಸಲಾಗಿದ್ದ ಅದರ ಬಾಗಿಲು 1973ರ ತಿದ್ದುಪಡಿಯಿಂದ ಇಂಜಿನಿಯರಿಂಗ್ ಪದವೀಧರರಿಗೂ, 2014ರ ತಿದ್ದುಪಡಿಯಿಂದ ಇತರ ಪದವೀಧರರಿಗೂ ತೆರೆಯಿತು. 2020ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ದುಡಿಮೆಯನ್ನು ಪದವಿಯ ಒಡಲೊಳಕ್ಕೇ ಸೇರಿಸುವ ಮಾರ್ಗಸೂಚಿಯನ್ನು ಹೊರಡಿಸಿತು. 2025ರ ಮಾರ್ಗಸೂಚಿಯಂತೆ ಮೂರು ವರ್ಷದ ಪದವಿಯಲ್ಲಿ ಒಂದರಿಂದ ಮೂರು ಸೆಮಿಸ್ಟರುಗಳಷ್ಟು ಕಾಲ ವಿದ್ಯಾರ್ಥಿಯು ಕೆಲಸದ ಸ್ಥಳದಲ್ಲಿರಬಹುದು. ನಮ್ಮ ರಾಜ್ಯದ ಕೆಲವು ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 2024–25ರಿಂದ ಈ ಕ್ರಮ ಕಾಲಿಟ್ಟಿದೆ.

ಪುಸ್ತಕದಲ್ಲಿ ಬರೆಯದೆ ಬಿಟ್ಟುದನ್ನು ಹುಡುಗ ನಮ್ಮ ಕಟ್ಟೆಯ ಮೇಲೆ ಕುಳಿತು ಬಾಯಿಮಾತಿನಲ್ಲಿ ಹೇಳಿದನು. ಆ ಗಿರಣಿಯಲ್ಲಿ ಒಬ್ಬ ಹಳೆಯ ಗುಮಾಸ್ತ. ಏಳನೆಯ ಇಯತ್ತೆಗೆ ಓದು ನಿಲ್ಲಿಸಿ ದಲ್ಲಾಳಿ ಅಂಗಡಿಯೊಂದರಲ್ಲಿ ಕಸ ಗುಡಿಸುತ್ತ, ಚಹಾ ತರುತ್ತ, ರೋಜು ಬರೆಯುವವರ ಹೆಗಲ ಮೇಲಿಂದ ಇಣುಕುತ್ತ ಲೆಕ್ಕ ಕಲಿತವನು. ಮದರಾಸು ರಾಜ್ಯದಿಂದ ಬಿಡಿಸಿಕೊಂಡು 1953ರಲ್ಲಿ ಮೈಸೂರಿಗೆ ಸೇರಿದ ಈ ಸೀಮೆಯಲ್ಲಿ ವ್ಯಾಪಾರದ ಮಾತು ಇಂದಿಗೂ ಅರ್ಧ ತೆಲುಗಾದುದರಿಂದ ಅವನ ಪಾಠವೂ ಎರಡು ಭಾಷೆಗಳ ನಡುವೆ ನಡೆಯಿತು. ಭತ್ತದ ಲಾರಿ ಬಂದು ನಿಂತೊಡನೆ ಚೀಲಕ್ಕೆ ಟೊಳ್ಳು ಕಬ್ಬಿಣದ ಮೊನೆಯನ್ನು ಚುಚ್ಚಿ ಒಂದು ಹಿಡಿ ಸೆಳೆಯುವನು. ತೇವವನ್ನಳೆಯುವ ಯಂತ್ರದಲ್ಲಿ ಒಂದಿಷ್ಟನ್ನು ಹಾಕಿ ಅಂಕಿ ನೋಡುವ ಕೆಲಸವನ್ನು ಹುಡುಗನಿಗೆ ಬಿಟ್ಟು, ತಾನು ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಟುಕ್ಕೆಂದು ಕಡಿಯುವನು. ‘ಮಿಷನ್ನು ತೇವ ಹೇಳತೈತಪ್ಪ, ಮಿಷನ್ನು ಸುಳ್ಳು ಹೇಳಾಕತ್ತೈತೋ ಏನೋ ಅಂತ ಹಲ್ಲು ಹೇಳತೈತಿ’ ಎಂಬುದು ಅವನ ಸೂತ್ರ. ತೇವ ಶೇಕಡ 17ನ್ನು ಮೀರಿದರೆ ಸರಕಾರದ ಖರೀದಿಗೆ ಸಲ್ಲದು. ಅತಿಯಾಗಿ ಒಣಗಿದ್ದರೆ ಗಿರಣಿಯ ಹೊಡೆತಕ್ಕೆ ಸೀಳಿ ನುಚ್ಚಾಗುವುದು. ಇವೆರಡರ ನಡುವಣ ಕಿರಿದಾದ ಹಾದಿಯಲ್ಲಿಯೇ ಗಿರಣಿಯ ಲಾಭನಷ್ಟ ಅಡಗಿದೆಯೆಂಬುದನ್ನು ಆ ಒಂದು ಕಾಳು ಹುಡುಗನಿಗೆ ತಿಳಿಸಿತು.

ಮುಂದಿನದು ಇನ್ನೂ ಸ್ವಾರಸ್ಯಕರ. ಸರಕಾರಕ್ಕಾಗಿ ಭತ್ತ ಹೊಡೆದುಕೊಡುವ ಗಿರಣಿಯು ನೂರು ಕ್ವಿಂಟಲು ಭತ್ತಕ್ಕೆ 67 ಕ್ವಿಂಟಲು ಹಸಿ ಅಕ್ಕಿಯನ್ನು ಒಪ್ಪಿಸತಕ್ಕದ್ದು. ಹಾಗಾದರೆ ಉಳಿದ 33 ಎಲ್ಲಿ ಹೋಯಿತೆಂದು ಹುಡುಗ ಕೇಳಿದಾಗ, ಮುದುಕನು ಅವನನ್ನು ಗಿರಣಿಯ ಹಿಂಬದಿಗೆ ಕರೆದೊಯ್ದು ತೌಡಿನ ಚೀಲ, ನುಚ್ಚಿನ ಚೀಲ, ಹೊಟ್ಟಿನ ರಾಶಿಗಳನ್ನು ಒಂದೊಂದಾಗಿ ತೋರಿಸಿ, ತೌಡು ಎಣ್ಣೆ ತೆಗೆಯುವವರಿಗೆ, ಹೊಟ್ಟು ಒಲೆಗೆ, ‘ಅಕ್ಕಿ ಹೆಸರಿಗೆ ಮಾತ್ರ, ಗಿರಣಿ ಬದುಕೋದು ಈ ಕಸದಾಗ’ ಎಂದನಂತೆ. ಆ ರಾತ್ರಿ ಮೋಕಕ್ಕೆ ಮರಳಿ, ಪರೀಕ್ಷೆಗೆಂದು ಎರಡು ಬಾರಿ ಬಾಯಿಪಾಠ ಮಾಡಿಯೂ ತಿಳಿಯದಿದ್ದ ವೆಚ್ಚಲೆಕ್ಕದ ಪುಸ್ತಕದಲ್ಲಿಯ ‘ಉಪೋತ್ಪನ್ನ’ಗಳ ಅಧ್ಯಾಯವನ್ನು ತೆರೆದಾಗ, ಅಚ್ಚಿನ ಅಕ್ಷರಗಳ ಹಿಂದೆ ಹೊಟ್ಟಿನ ಧೂಳು ಕಾಣಿಸಿತೆಂದು ಹುಡುಗ ಹೇಳಿದನು. ಈ ಪದ್ಧತಿಯನ್ನು ರೂಪಿಸಿದವರು ಬಯಸಿದ್ದು ಆ ಘಳಿಗೆಯನ್ನಲ್ಲದೆ ಮತ್ತೇನನ್ನು? ದಿನಚರಿಯಲ್ಲಿ ಮಾತ್ರ ಆ ತಾರೀಖಿನ ಕೆಳಗೆ ಇರುವುದು ‘ಸ್ಟಾಕ್ ಚೆಕಿಂಗ್’.

ದೋಷ ಹುಡುಗನದಲ್ಲ. ಪುಸ್ತಕವನ್ನು ಇಂಗ್ಲಿಷಿನಲ್ಲಿ ತುಂಬಬೇಕು. ಹಲ್ಲಿನಲ್ಲಿ ಕಡಿದ ಕಾಳಿಗೆ ಅವನಲ್ಲಿ ಇಂಗ್ಲಿಷಿಲ್ಲ. ಸಹಿ ಮಾಡತಕ್ಕವರು ವ್ಯವಸ್ಥಾಪಕರು; ಅವರು ಹುಡುಗನನ್ನು ತಿಂಗಳಿಗೊಮ್ಮೆ ಕಂಡರೆ ಹೆಚ್ಚು. ಹೀಗೆ, ಕಲಿಸಿದವನಿಗೆ ಸಹಿಯ ಅಧಿಕಾರವಿಲ್ಲ, ಸಹಿ ಮಾಡಿದವನು ಕಲಿಸಿದ್ದಿಲ್ಲ, ಅಂಕ ಕೊಡುವ ಅಧ್ಯಾಪಕನು ಇಬ್ಬರನ್ನೂ ನೋಡಿದ್ದಿಲ್ಲ. ಪದ್ಧತಿಯ ಮೂಲದೋಷವೆಂದು ನಾನು ಎಣಿಸುವುದು ಇದನ್ನೇ. ಇತರರು ದೂರುವ ಅಲ್ಪವೇತನ, ದೂರದ ಬಸ್ಸು, ನಿದ್ದೆಗೇಡುಗಳೆಲ್ಲ ನಿಜವೇ ಆದರೂ ಇದರ ಮುಂದೆ ಗೌಣ.

ವೇತನದ ಮಾತು ಬಂದುದರಿಂದ ಅದನ್ನೂ ಹೇಳಿಬಿಡುತ್ತೇನೆ. 2019ರ ನಿಯಮಗಳು ಪದವಿಯ ಶಿಶಿಕ್ಷುವಿಗೆ ತಿಂಗಳಿಗೆ ಕನಿಷ್ಠ 9000 ರೂಪಾಯಿಯನ್ನು ಗೊತ್ತುಪಡಿಸಿದುವು. ವಾರಾನ್ನದ ಮನೆಗಳಲ್ಲಿ ಉಂಡು ಓದಿದವರ ಕಥೆಗಳನ್ನು ಕೇಳಿ ಬೆಳೆದ ನನ್ನಂಥವನಿಗೆ ಓದುವ ಹುಡುಗನ ಕೈಗೆ ಹಣ ಬರುವುದು ಸಣ್ಣ ಸಂಗತಿಯೆನಿಸದು. ಆ ದುಡ್ಡಿನಲ್ಲಿ ಅವನ ತಂಗಿಯ ಕಾಲೇಜು ಶುಲ್ಕ ಸಂದಾಯವಾಯಿತು. ಆದರೆ ಅದೇ 1961ರ ಅಧಿನಿಯಮದ 18ನೆಯ ಪ್ರಕರಣವು ಶಿಶಿಕ್ಷುವನ್ನು ಕಾರ್ಮಿಕನಲ್ಲ, ಕಲಿಯುವವನು ಎಂದು ಸಾರಿ ಕಾರ್ಮಿಕ ಕಾನೂನಿನ ನೆರಳಿನಿಂದ ಹೊರಗಿಡುತ್ತದೆ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟಳೆ 22ನೆಯ ಪ್ರಕರಣದಲ್ಲಿಲ್ಲ. ಕಲಿಯುವವನೆಂದು ಕರೆದು ಕಾರ್ಮಿಕನ ಹಕ್ಕನ್ನು ತೆಗೆದ ಬಳಿಕ, ಕಲಿಕೆಯನ್ನಾದರೂ ಖಾತರಿಪಡಿಸಬೇಕಲ್ಲವೆ? ಸುಗ್ಗಿಯ ಕಾಲದಲ್ಲಿ ಆಳು ಸಾಲದೆ ಹುಡುಗ ಹನ್ನೆರಡು ದಿನ ಚೀಲ ಎಣಿಸುತ್ತ ನಿಂತನು. ಎಣಿಸುವುದೂ ವಿದ್ಯೆಯೇ, ಮೊದಲ ದಿನ ವಿದ್ಯೆ, ಹನ್ನೆರಡನೆಯ ದಿನ ಕೂಲಿ.

ಪರದೇಶದವರು ಈ ತೊಡಕನ್ನು ಮೊದಲೇ ಕಂಡಿದ್ದರು. ಇಂಗ್ಲೆಂಡಿನಲ್ಲಿ 2015ರಲ್ಲಿ ಪದವಿಯ ಅಪ್ರೆಂಟಿಸಿಕೆ ಆರಂಭವಾದಾಗ ಓದಿನ ಹೊತ್ತು ದುಡಿಮೆಯ ಹೊತ್ತಿನೊಳಗೇ ಸಲ್ಲಬೇಕೆಂಬ ನಿಯಮವಿತ್ತು. 2022ರಲ್ಲಿ ಅದು ವಾರಕ್ಕೆ ಸರಾಸರಿ ಆರು ಗಂಟೆಯಾದರೂ ಇರತಕ್ಕದ್ದೆಂದು ಗೊತ್ತಾಯಿತು. ನಮ್ಮ ಹುಡುಗ ಓದಿದ್ದು ರಾತ್ರಿಯ ಬಸ್ಸಿನಲ್ಲಿ. ಜರ್ಮನಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪದವಿಗಿಂತ ಕೆಳಗಿನ ಕಸುಬಿನ ಶಿಕ್ಷಣದ ಮಟ್ಟಿಗಾದರೂ, ಕಲಿಸುವವನ ಯೋಗ್ಯತೆಯನ್ನೇ ಪರೀಕ್ಷಿಸುವ ನಿಯಮವನ್ನು 1972ರಲ್ಲಿ ತಂದರು. ಉದ್ಯಮಿಗಳಿಗೆ ಅದು ಹೊರೆಯಾದೀತೆಂದು 2003ರಲ್ಲಿ ಅಮಾನತಿನಲ್ಲಿಟ್ಟು, 2009ರಲ್ಲಿ ಪುನಃ ಜಾರಿಗೆ ತಂದ ಅವರ ವಿವೇಕ ಗಮನಾರ್ಹ. ನಮ್ಮ ಗುಮಾಸ್ತನನ್ನು ಪರೀಕ್ಷೆಗೆ ಕೂರಿಸಬೇಕೆಂದು ನಾನು ಹೇಳುತ್ತಿಲ್ಲ; ಏಳನೆಯ ಇಯತ್ತೆಯವನನ್ನು ಕಾಗದ ನೋಡಿ ಅನರ್ಹನೆನ್ನುವ ಇನ್ನೊಂದು ಅಪಾಯಕ್ಕೆ ಅದು ದಾರಿಯಾದೀತು. ಅವನೊಬ್ಬ ಗುರುವೆಂಬುದನ್ನು ಲಿಖಿತವಾಗಿ ಒಪ್ಪಿ, ಕಲಿಸಿದ ಹೊತ್ತಿಗೆ ಅಷ್ಟಿಷ್ಟು ಸಂಭಾವನೆ ಕೊಟ್ಟರೆ ಸಾಕು.

ಒಟ್ಟಿನ ಮೇಲೆ ಪದ್ಧತಿ ಒಳ್ಳೆಯದು, ಅದರ ಪುಸ್ತಕ ಕೆಟ್ಟದು. ಬಳ್ಳಾರಿಯ ಜೀನ್ಸ್ ಹೊಲಿಗೆಯ ಮನೆಗಳಲ್ಲಿ, ಕುರುಗೋಡು ಸೀಮೆಯ ಗೋದಾಮುಗಳಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತಣ ಅಂಗಡಿಗಳಲ್ಲಿ ಇಂಥ ಗುರುಗಳಿಗೆ ಅಭಾವವಿಲ್ಲ. ನಾನು ಹುಡುಗನ ದಿನಚರಿಯಲ್ಲಿ ಕಾಗುಣಿತದ ನಾಲ್ಕು ತಪ್ಪುಗಳನ್ನು ಮಾತ್ರ ತಿದ್ದಿ, ಕಡೆಯ ಪುಟದಲ್ಲಿ ಆ ಮುದುಕನ ಹೆಸರನ್ನು ಬರೆಯೆಂದೆ. ‘ತಾತನ ಹೆಸರಿಗೆ ಕಾಲಮ್ಮೇ ಇಲ್ರಿ ಸಾರ್’ ಎಂದನು. ಮುಂದಿನ ವರ್ಷದ ಪುಸ್ತಕವನ್ನು ಅಚ್ಚಿಗೆ ಕೊಡುವವರು ಯಾರೇ ಇರಲಿ, ದಯಮಾಡಿ ಆ ಒಂದು ಕಾಲಮ್ಮನ್ನು ಹಾಕಿಸಬೇಕು.