ಗೋಡೆ ಯಾರದು? ಕೋಲಾರ ಚಿನ್ನದ ಗಣಿ ಪ್ರದೇಶದ ದ್ವಿಭಾಷಾ ಫಲಕಗಳು ಮತ್ತು ಎಣಿಕೆಯ ಮಿತಿ

ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ತಮಿಳು ಶಾಸನಗಳಿವೆ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಕೋಲಾರ ಸಂಪುಟದಲ್ಲಿ ಕನ್ನಡ ಶಾಸನಗಳ ಜೊತೆಗೆ ತಮಿಳು ಶಾಸನಗಳೂ ಸೇರಿವೆ. ಅಂದು ಕೋಲಾರದ ಜನರೆಲ್ಲರೂ ತಮಿಳು ಮಾತನಾಡುತ್ತಿದ್ದರು ಎಂದು ಅವುಗಳ ಆಧಾರದಿಂದ ತೀರ್ಮಾನಿಸಲು ಶಾಸನಾಭ್ಯಾಸಿಗಳು ಆತುರಪಡುವುದಿಲ್ಲ. ಕಲ್ಲು ಯಾರ ಅಧೀನದಲ್ಲಿತ್ತು, ಬರೆಸಿದವರು ಯಾರು, ದಾನವನ್ನು ಯಾರಿಗೆ ತಿಳಿಸಬೇಕಾಗಿತ್ತು ಎಂಬುದನ್ನು ಅವರು ಮೊದಲು ವಿಚಾರಿಸುತ್ತಾರೆ. ಈ ಎಚ್ಚರವನ್ನು ಇಂದಿನ ‘ಭಾಷಾ ಭೂದೃಶ್ಯ’ದ ಅಧ್ಯಯನಗಳು ಎಷ್ಟರಮಟ್ಟಿಗೆ ಉಳಿಸಿಕೊಂಡಿವೆ ಎಂಬುದೇ ಈ ಬರಹದ ಪ್ರಶ್ನೆ. ಅದೇ ಜಿಲ್ಲೆಯ ಕೋಲಾರ ಚಿನ್ನದ ಗಣಿ ಪ್ರದೇಶ (ಕೆ.ಜಿ.ಎಫ್.) ಮತ್ತು ಬಂಗಾರಪೇಟೆಗಳನ್ನು ಮುಂದಿಟ್ಟುಕೊಂಡು ನಾವು ಈ ವಿಧಾನವನ್ನು ಪರಿಶೀಲಿಸುತ್ತೇವೆ. ಬೀದಿಯ ಫಲಕಗಳನ್ನು ಚಿತ್ರೀಕರಿಸಿ, ಭಾಷೆವಾರು ವಿಂಗಡಿಸಿ, ಶೇಕಡಾವಾರು ಲೆಕ್ಕ ಹಾಕಿ, ಆ ಲೆಕ್ಕದಿಂದ ಸಮುದಾಯದ ಭಾಷಾ ಚೈತನ್ಯವನ್ನು ಊಹಿಸುವ ಈ ವಿಧಾನವನ್ನು ನಮ್ಮ ತರಗತಿಗಳಲ್ಲಿ ನಾವೂ ಕಲಿಸುತ್ತ ಬಂದಿದ್ದೇವೆ. ಆದುದರಿಂದ ಇಲ್ಲಿನ ವಿಮರ್ಶೆ ನಮಗೂ ಅನ್ವಯಿಸುತ್ತದೆ.

1. ಸಿದ್ಧಾಂತ ಹೇಳಿದ್ದು, ಬಳಕೆ ಮಾಡಿದ್ದು

ಲ್ಯಾಂಡ್ರಿ ಮತ್ತು ಬೂರಿಸ್ ಅವರ 1997ರ ಲೇಖನವನ್ನು ಈ ಕ್ಷೇತ್ರದ ಮೂಲಪಠ್ಯವೆಂದು ಎಲ್ಲರೂ ಉಲ್ಲೇಖಿಸುತ್ತಾರೆ. ಫಲಕಗಳಿಗೆ ಮಾಹಿತಿ ನೀಡುವ ಕಾರ್ಯವೂ ಸಾಂಕೇತಿಕ ಕಾರ್ಯವೂ ಇವೆ ಎಂಬ ಅವರ ಭೇದವು ಇಂದಿಗೂ ಉಪಯುಕ್ತವಾದುದು. ಆದರೆ ಅವರು ಫಲಕಗಳನ್ನು ಎಣಿಸಲಿಲ್ಲ. ಕೆನಡಾದ ಫ್ರೆಂಚ್ ಭಾಷಿಕ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಪ್ರಶ್ನಾವಳಿಯ ಮೂಲಕ ವಿಚಾರಿಸಿದರು. ಅವರು ಅಳೆದದ್ದು ಸಾರ್ವಜನಿಕ ಬರವಣಿಗೆಯನ್ನು ನೋಡುವವರ ಮನಸ್ಸಿನಲ್ಲಿ ತಮ್ಮ ಭಾಷೆಯ ಬಗ್ಗೆ ಮೂಡುವ ಭಾವನೆಯನ್ನು. ನೋಡುವವರನ್ನು ಬಿಟ್ಟು ಫಲಕವನ್ನಷ್ಟೇ ಎಣಿಸುವುದು ಅನಂತರದ ಬಳಕೆ. ಆ ಬಳಕೆಯಲ್ಲಿ ‘ಫಲಕ ಕಡಿಮೆಯಾದರೆ ಚೈತನ್ಯವೂ ಕಡಿಮೆ’ ಎಂಬ ಸಮೀಕರಣ ಸದ್ದಿಲ್ಲದೆ ನುಸುಳಿಕೊಂಡಿತು.

ಬೆನ್-ರಫೇಲ್ ಮತ್ತು ಸಂಗಡಿಗರು ಇಸ್ರೇಲಿನ ಫಲಕಗಳನ್ನು ಕುರಿತು 2006ರಲ್ಲಿ ಪ್ರಕಟಿಸಿದ ಅಧ್ಯಯನವು ಬಳಸಿದ ‘ಮೇಲಿನಿಂದ’ ಮತ್ತು ‘ಕೆಳಗಿನಿಂದ’ ಎಂಬ ವಿಂಗಡಣೆಯೂ ಹೀಗೆಯೇ ವಿಮರ್ಶೆಯಿಲ್ಲದೆ ಸಾಗಿಬಂದಿದೆ. ಸರ್ಕಾರಿ ಫಲಕ ಅಧಿಕಾರದ ದನಿ, ಅಂಗಡಿ ಫಲಕ ಜನರ ದನಿ ಎಂಬ ಈ ಕಲ್ಪನೆ ಕರ್ನಾಟಕದಲ್ಲಿ ನಿಲ್ಲುವುದಿಲ್ಲ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನಿಯಮಗಳ 24-ಎ ನಿಯಮವು ನಾಮಫಲಕದಲ್ಲಿ ಕನ್ನಡ ಮೇಲೆ, ಇತರ ಭಾಷೆ ಕೆಳಗೆ ಇರಬೇಕೆಂದು ವಿಧಿಸಿತು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಮತ್ತು ಅದರ 2024ರ ತಿದ್ದುಪಡಿಯ ಮೇರೆಗೆ ಫಲಕದ ಶೇ. 60ರಷ್ಟು ಭಾಗ ಕನ್ನಡದಲ್ಲಿದ್ದು, ಅದು ಮೇಲ್ಭಾಗದಲ್ಲಿರಬೇಕು. ಈ ಕಾನೂನಿನ ಔಚಿತ್ಯ ಇಲ್ಲಿನ ಚರ್ಚೆಯಲ್ಲ. ರಾಜ್ಯದ ಭಾಷೆಗೆ ರಾಜ್ಯದ ಬೀದಿಯಲ್ಲಿ ಅಗ್ರಸ್ಥಾನ ಬೇಕೆಂಬುದು ನ್ಯಾಯವಾದ ಅಪೇಕ್ಷೆಯೇ. ನಮ್ಮ ಆಕ್ಷೇಪ ವಿಧಾನವನ್ನು ಕುರಿತದ್ದು. ಅಕ್ಷರದ ಅಳತೆ ಮತ್ತು ಸ್ಥಾನ ಎರಡನ್ನೂ ಕಾನೂನೇ ನಿಗದಿಪಡಿಸಿರುವಾಗ, ಆ ಅಳತೆ ಮತ್ತು ಸ್ಥಾನಗಳಿಂದ ಅಂಗಡಿಕಾರನ ಭಾಷಾ ಒಲವನ್ನು ಓದಲು ಹೊರಡುವವರು ವಾಸ್ತವದಲ್ಲಿ ರಾಜ್ಯಪತ್ರವನ್ನು ಓದುತ್ತಿರುತ್ತಾರೆ.

2. ಗೋಡೆಯಿಲ್ಲದವರು

1880ರಲ್ಲಿ ಜಾನ್ ಟೇಲರ್ ಆಂಡ್ ಸನ್ಸ್ ಕಂಪನಿ ಗಣಿಗಾರಿಕೆಯನ್ನು ಕೈಗೆತ್ತಿಕೊಂಡ ಮೇಲೆ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಪ್ರದೇಶಗಳಿಂದ ಕಾರ್ಮಿಕರು ಇಲ್ಲಿಗೆ ಬಂದರು. ಅವರಲ್ಲಿ ದೊಡ್ಡ ಪಾಲು ತಮಿಳು ಮಾತನಾಡುವ ದಲಿತರದ್ದು; ತೆಲುಗರೂ ಗಣನೀಯವಾಗಿದ್ದರು. ನೆಲ ಕಂಪನಿಯದು, ಮನೆಯೂ ಕಂಪನಿಯದು. ‘ಲೈನ್’ ಎಂದು ಕರೆಯಲ್ಪಟ್ಟ ಸಾಲುಗಳಲ್ಲಿ ಬಿದಿರಿನ ತಟ್ಟಿಯ ಗುಡಿಸಲುಗಳಿದ್ದವು. ತಟ್ಟಿಯ ಮೇಲೆ ಯಾರೂ ನಾಮಫಲಕ ತೂಗುಹಾಕುವುದಿಲ್ಲ. ಅಂಗಡಿ ಸಾಲುಗಳು ಬೆಳೆದದ್ದು ರಾಬರ್ಟ್‌ಸನ್‌ಪೇಟೆ ಮತ್ತು ಆಂಡರ್ಸನ್‌ಪೇಟೆಗಳಲ್ಲಿ. ಇಂದಿನ ಸಂಶೋಧಕರು ಕ್ಯಾಮೆರಾ ಹಿಡಿದು ಮೊದಲು ಹೋಗುವುದೂ ಆ ಪೇಟೆಬೀದಿಗಳಿಗೇ. ಲೈನುಗಳಲ್ಲಿ ಬಾಳಿದವರು ಆ ಮಾದರಿಯೊಳಗೆ ಸೇರುವುದೇ ಇಲ್ಲ.

ಹಾಗಾದರೆ ಅವರು ಬರವಣಿಗೆಯಿಲ್ಲದ ಸಮುದಾಯವಾಗಿದ್ದರೇ? ಚರಿತ್ರೆ ಇಲ್ಲವೆನ್ನುತ್ತದೆ. ಅಯೋತ್ತಿದಾಸ ಪಂಡಿತರ ಬೌದ್ಧ ಚಳವಳಿಯ ಶಾಖೆ ಮಾರಿಕುಪ್ಪಂನಲ್ಲಿತ್ತು. ಅವರು 1907ರಲ್ಲಿ ಮದರಾಸಿನಲ್ಲಿ ಆರಂಭಿಸಿದ ‘ತಮಿಳನ್’ ಪತ್ರಿಕೆಯು ಅವರ ಕಾಲಾನಂತರ ಕೆ.ಜಿ.ಎಫ್.ನಿಂದ ಹೊರಬಂದಿತು, ಅವರ ಕೃತಿಗಳನ್ನೂ ಇಲ್ಲಿನ ಸಿದ್ಧಾರ್ಥ ಪುಸ್ತಕಶಾಲೆ ಪ್ರಕಟಿಸಿತು. ಗೋಡೆಯಿಲ್ಲದ ಜನ ಕಾಗದವನ್ನು ಹಿಡಿದಿದ್ದರು. ಇತ್ತ ಕಂಪನಿಯು ಕಾರ್ಮಿಕರಿಂದ ಬಯಸಿದ್ದು ಅಕ್ಷರವನ್ನಲ್ಲ, ಬೆರಳಚ್ಚನ್ನು. ಆ ನೋಂದಣಿಯನ್ನು ವಿರೋಧಿಸಿ 1930ರಲ್ಲಿ ಗಣಿಗಳಲ್ಲಿ ಮುಷ್ಕರ ನಡೆಯಿತು. ಆ ಕಾಲದ ಬೀದಿಯನ್ನು ಯಾರಾದರೂ ಚಿತ್ರೀಕರಿಸಿ ಎಣಿಸಿದ್ದರೆ, ಪತ್ರಿಕೆಯನ್ನೂ ಪುಸ್ತಕಗಳನ್ನೂ ಪೋಷಿಸಿದ ಒಂದು ಭಾಷಾ ಸಮುದಾಯಕ್ಕೆ ‘ಚೈತನ್ಯ ಕಡಿಮೆ’ ಎಂಬ ಅಂಕ ದೊರೆಯುತ್ತಿತ್ತು.

ತೆಲುಗಿನ ಉದಾಹರಣೆ ಇನ್ನೂ ಕಠೋರವಾದುದು. ಸಫಾಯಿ ಕರ್ಮಚಾರಿ ಆಂದೋಲನದ ಬೆಜವಾಡ ವಿಲ್ಸನ್ ಅವರು ಹುಟ್ಟಿದ್ದು ಕೆ.ಜಿ.ಎಫ್.ನಲ್ಲಿ, ಮಲ ಹೊರುವ ಕೆಲಸಕ್ಕೆ ದೂಡಲ್ಪಟ್ಟ ತೆಲುಗು ಮಾತಿನ ಕುಟುಂಬವೊಂದರಲ್ಲಿ. ಒಣ ಶೌಚಾಲಯಗಳನ್ನು ಶುಚಿಗೊಳಿಸುವವರಿಗೆ ಅಂಗಡಿಯಿಲ್ಲ, ಆದುದರಿಂದ ಫಲಕವೂ ಇಲ್ಲ. ಅವರ ತೆಲುಗು ಯಾವ ಎಣಿಕೆಗೂ ಸಿಗುವುದಿಲ್ಲ. ಅಂದರೆ ಫಲಕಗಳ ಎಣಿಕೆ ಭಾಷಿಕರ ಎಣಿಕೆಯಲ್ಲ, ಒಡೆತನದ ಎಣಿಕೆ. ಜಾತಿಯೊಡನೆ ಒಡೆತನ ಬೆಸೆದುಕೊಂಡಿರುವ ಊರಿನಲ್ಲಿ ಅದು ಜಾತಿಯ ಎಣಿಕೆಯೂ ಆಗಿಬಿಡುತ್ತದೆ.

3. ‘ಕನ್ನಡ ಫಲಕ’ ಎಂದರೇನು?

ಇರುವ ಫಲಕಗಳನ್ನಾದರೂ ಈ ವಿಧಾನ ಸರಿಯಾಗಿ ಓದುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. ಸಾಮಾನ್ಯವಾಗಿ ಲಿಪಿಯನ್ನೇ ಭಾಷೆಯೆಂದು ಎಣಿಸಲಾಗುತ್ತದೆ. ‘ಶ್ರೀ ಮಾರಿಯಮ್ಮನ್ ದೇವಸ್ಥಾನ’ ಎಂಬ ಬರಹವನ್ನು ಮಾದರಿಗಾಗಿ ತೆಗೆದುಕೊಳ್ಳೋಣ. ಲಿಪಿ ಕನ್ನಡದ್ದು, ‘ದೇವಸ್ಥಾನ’ ಕನ್ನಡದಲ್ಲಿ ರೂಢವಾದ ಸಂಸ್ಕೃತ ಪದ. ಆದರೆ ‘ಮಾರಿಯಮ್ಮನ್’ ಎಂಬುದರ ಕೊನೆಯ ನಕಾರ ಕನ್ನಡದ ‘ಮಾರಿಯಮ್ಮ’, ‘ಮಾರಮ್ಮ’ಗಳಲ್ಲಿ ಇಲ್ಲ; ಅದು ತಮಿಳಿನ ರೂಪ. ‘ಮುರುಗನ್ ಸ್ಟೋರ್ಸ್’ ಎಂಬಲ್ಲಿ ಲಿಪಿ ಕನ್ನಡ, ನಾಮರೂಪ ತಮಿಳು, ವ್ಯಾಪಾರದ ಪದ ಇಂಗ್ಲಿಷ್. ‘ಸೆಲ್ವ ವಿನಾಯಗರ್’ ಎಂಬುದು ಇನ್ನೂ ಕುತೂಹಲಕರ. ತಮಿಳು ಲಿಪಿಯಲ್ಲಿ ಘೋಷ ಮತ್ತು ಅಘೋಷ ಸ್ಪರ್ಶಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ. ಸ್ವರಗಳ ನಡುವಣ ಕಕಾರದ ಉಚ್ಚಾರಣೆ ಗಕಾರಕ್ಕೆ ಸಮೀಪವಾದರೂ ಬರೆಯುವ ಅಕ್ಷರ ಒಂದೇ. ಕನ್ನಡ ಲಿಪಿ ಆ ಗಕಾರವನ್ನು ಬಾಯಿಬಿಟ್ಟು ಹೇಳುತ್ತದೆ. ತಮಿಳರ ಉಚ್ಚಾರಣೆಯನ್ನು ತಮಿಳು ಲಿಪಿಗಿಂತ ಸ್ಪಷ್ಟವಾಗಿ ದಾಖಲಿಸುವ ಈ ಕನ್ನಡ ಬರಹವು ಎಣಿಕೆಯ ಪಟ್ಟಿಯಲ್ಲಿ ‘ಏಕಭಾಷಾ ಕನ್ನಡ ಫಲಕ’ವಾಗಿ ನಮೂದಾಗುತ್ತದೆ. ಇದಕ್ಕೆ ಪ್ರತಿಯಾಗಿ ತಮಿಳಿನ ‘ಕೞಗಂ’ ಕನ್ನಡದಲ್ಲಿ ‘ಕಳಗಂ’ ಆಗುವಾಗ, ಹಳಗನ್ನಡದಲ್ಲಿದ್ದು ಅನಂತರ ಲೋಪವಾದ ೞಕಾರದ ಭೇದ ಕಾಣೆಯಾಗುತ್ತದೆ. ಲಿಪ್ಯಂತರದಲ್ಲಿ ಗಳಿಕೆಯೂ ಇದೆ, ನಷ್ಟವೂ ಇದೆ.

ಸ್ಥಳನಾಮಗಳಲ್ಲಿಯೂ ಇದೇ ಪದರಗಳಿವೆ. ‘ಪೇಟೆ’ ಎಂಬುದು ಕನ್ನಡ. ತಮಿಳಿನಲ್ಲಿ ಅದು ದ್ವಿತ್ವ ಟಕಾರದ ‘ಪೇಟ್ಟೈ’. ಇಂಗ್ಲಿಷಿನ ‘ಪೇಟ್’ ಅಂತ್ಯಸ್ವರವನ್ನೇ ಬಿಟ್ಟಿದೆ. ‘ಮಾರಿಕುಪ್ಪಂ’ ಎಂಬುದು ಕನ್ನಡದಲ್ಲಿ ಬರೆದಾಗಲೂ ತಮಿಳಿನ ಮಕಾರಾಂತ್ಯವನ್ನು ಉಳಿಸಿಕೊಂಡಿದೆ. ಬಂಗಾರಪೇಟೆಗೆ ಹಿಂದೆ ಮೈಸೂರಿನ ಕಮಿಷನರ್ ಬೌರಿಂಗರ ಹೆಸರಿತ್ತು. ಊರಿನ ಹೆಸರು ಕನ್ನಡದ್ದಾದರೂ ರೈಲ್ವೆಯ ನಿಲ್ದಾಣ ಸಂಕೇತ ಇಂದಿಗೂ ‘ಬಿಡಬ್ಲ್ಯುಟಿ’, ಅಂದರೆ ಬೌರಿಂಗ್‌ಪೇಟೆಯ ಸಂಕ್ಷೇಪ. ಒಂದೇ ನಿಲ್ದಾಣದ ಹೆಸರಿನಲ್ಲಿ ಎರಡು ಆಳ್ವಿಕೆಗಳ ಬರವಣಿಗೆ ಉಳಿದಿದೆ. ‘ಎಷ್ಟು ಭಾಷೆ?’ ಎಂದು ಕೇಳುವ ಪಟ್ಟಿಯಲ್ಲಿ ಇದಕ್ಕೆ ಕಲಂ ಇಲ್ಲ.

ಓದುಗನ ದೃಷ್ಟಿಯಿಂದ ಫಲಕಗಳನ್ನು ವರ್ಗೀಕರಿಸಿದ ಮೆಖ್ಟಿಲ್ಡ್ ರೇ ಅವರ 2004ರ ಲೇಖನ, ಉಗಾಂಡಾದ ಲೀರಾ ಪಟ್ಟಣವನ್ನು ಕುರಿತದ್ದಾದರೂ, ಇಲ್ಲಿ ಹೆಚ್ಚು ನೆರವಾಗುತ್ತದೆ. ಎರಡು ಭಾಷೆಗಳಲ್ಲಿ ಒಂದೇ ಮಾಹಿತಿಯಿದೆಯೇ, ಭಾಗಶಃ ಇದೆಯೇ, ಅಥವಾ ಎರಡನ್ನೂ ಓದಬಲ್ಲವರಿಗೆ ಮಾತ್ರ ಪೂರ್ಣ ಅರ್ಥ ದಕ್ಕುತ್ತದೆಯೇ ಎಂದು ಅವರು ವಿಚಾರಿಸುತ್ತಾರೆ. ಆ ಪ್ರಶ್ನೆಯನ್ನು ಕನ್ನಡ ಲಿಪಿಯ ತಮಿಳಿಗೆ ಹಾಕಿದರೆ ಹೊಸದೊಂದು ಓದುಗ ವರ್ಗ ಕಾಣುತ್ತದೆ: ಮನೆಯಲ್ಲಿ ತಮಿಳು ಮಾತನಾಡುವ, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ಅಕ್ಷರ ಕಲಿತ, ತಮಿಳು ಅಕ್ಷರ ಓದಲಾರದ ತರುಣರು. ಅವರ ಮಟ್ಟಿಗೆ ಕನ್ನಡ ಲಿಪಿಯ ‘ಮುರುಗನ್’ ಭಾಷಾ ಪಲ್ಲಟದ ಗುರುತಲ್ಲ. ಲಿಪಿ ಬದಲಿಸಿಕೊಂಡು ಭಾಷೆ ಉಳಿಸಿಕೊಂಡ ಗುರುತಾಗಿರಬಹುದು. ಇದು ಕ್ಷೇತ್ರಕಾರ್ಯದಿಂದ ಪರೀಕ್ಷಿಸಬಹುದಾದ ಊಹೆ. ಲಿಪಿಯನ್ನೇ ಭಾಷೆಯೆಂದು ಎಣಿಸುವವರಿಗೆ ಈ ಊಹೆ ಹೊಳೆಯುವುದೇ ಇಲ್ಲ.

4. ‘ವಲಸಿಗ’ ಎಂಬ ಪದ

ಅಮೆರಿಕ, ಯೂರೋಪುಗಳ ಉಪನಗರಗಳನ್ನು ಕುರಿತ ಅಧ್ಯಯನಗಳಿಂದ ‘ವಲಸೆ ಸಮುದಾಯ’ ಎಂಬ ಪದ ನಮ್ಮ ಬರಹಗಳಿಗೆ ಬಂದಿದೆ. ಅದರೊಂದಿಗೆ ಕೆಲವು ತಲೆಮಾರುಗಳಲ್ಲಿ ಮೂಲಭಾಷೆ ಅಳಿಯುತ್ತದೆ ಎಂಬ ನಿರೀಕ್ಷೆಯೂ ಬಂದಿದೆ. ಪ್ರಬೋಧ ಪಂಡಿತರು 1972ರಲ್ಲಿಯೇ ಈ ನಿರೀಕ್ಷೆಯನ್ನು ತಿರುವಿಹಾಕಿದ್ದರು: ಭಾರತದಲ್ಲಿ ವಲಸೆ ಬಂದವರು ಭಾಷೆಯನ್ನು ಉಳಿಸಿಕೊಳ್ಳುವುದೇ ವಾಡಿಕೆ; ವಿವರಣೆ ಬೇಕಾಗಿರುವುದು ಪಲ್ಲಟಕ್ಕೆ. ಗಣಿಯ ತಮಿಳರು ಇಲ್ಲಿಗೆ ಬಂದು ಶತಮಾನ ಮೀರಿದೆ. ಕೆ.ಜಿ.ಎಫ್. ಕ್ಷೇತ್ರದಿಂದ ಅಖಿಲ ಭಾರತ ಅಣ್ಣಾ ದ್ರಾವಿಡ ಮುನ್ನೇತ್ರ ಕಳಗಂ ಮತ್ತು ರಿಪಬ್ಲಿಕನ್ ಪಕ್ಷಗಳ ಅಭ್ಯರ್ಥಿಗಳು ಕರ್ನಾಟಕದ ವಿಧಾನಸಭೆಗೆ ಆಯ್ಕೆಯಾಗಿದ್ದಾರೆ. ಇವರನ್ನು ಇನ್ನೂ ವಲಸಿಗರೆನ್ನುವುದಾದರೆ ಆ ಪದಕ್ಕೆ ಕಾಲದ ಮಿತಿಯೇ ಇಲ್ಲವೆಂದಾಗುತ್ತದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ, ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ನಿತ್ಯ ದುಡಿಯಲು ಹೋಗಿಬರುವವರ ಊರಾಗಿ ಇದು ಮಾರ್ಪಟ್ಟಿದೆ. ಹಗಲಿನಲ್ಲಿ ಫಲಕಗಳನ್ನು ಎಣಿಸುವ ಸಂಶೋಧಕನಿಗೆ ಊರಿನ ಒಂದು ದೊಡ್ಡ ಪಾಲು ಸಿಗುವುದೇ ಇಲ್ಲ. ಅವರ ಮಾತು ಆ ಹೊತ್ತಿನಲ್ಲಿ ರೈಲಿನಲ್ಲಿಯೋ ಬೆಂಗಳೂರಿನಲ್ಲಿಯೋ ಇರುತ್ತದೆ.

ಇದೆಲ್ಲ ಬರಿಯ ವಿಧಾನದ ಜಗಳವಲ್ಲ. ಒಂದು ಪ್ರದೇಶದ ಜನಸಂಖ್ಯೆಯಲ್ಲಿ ಶೇ. 15ಕ್ಕಿಂತ ಕಡಿಮೆಯಿಲ್ಲದ ಭಾಷಾ ಅಲ್ಪಸಂಖ್ಯಾತರಿದ್ದರೆ, ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲಿಯೂ ದೊರೆಯಬೇಕೆಂಬುದು ರಾಷ್ಟ್ರೀಯವಾಗಿ ಒಪ್ಪಿದ ರಕ್ಷಣೋಪಾಯಗಳಲ್ಲೊಂದು. ತಮಿಳು ಮಾಧ್ಯಮದಲ್ಲಿ ಓದಿದ ನಿವೃತ್ತ ಗಣಿ ಕಾರ್ಮಿಕರಿಗೆ ಮನೆಯ ಹಕ್ಕು, ಬಾಕಿ ಹಣ, ಸಿಲಿಕೋಸಿಸ್ ತಪಾಸಣೆ ಕುರಿತ ಪ್ರಕಟಣೆ ಅರ್ಥವಾಗುವ ಅಕ್ಷರದಲ್ಲಿ ತಲುಪುವುದೋ ಇಲ್ಲವೋ ಎಂಬುದು ಬದುಕಿನ ಪ್ರಶ್ನೆ. ‘ಬೀದಿಯಲ್ಲಿ ತಮಿಳು ಕಾಣುವುದಿಲ್ಲ, ಆದುದರಿಂದ ಅದರ ಚೈತನ್ಯ ಕುಂದಿದೆ’ ಎಂದು ವಿದ್ವತ್ ಪತ್ರಿಕೆ ಬರೆದರೆ, ಬರೆಯದಿರುವುದಕ್ಕೆ ಬರೆಯದಿರುವುದೇ ಕಾರಣವಾಗುತ್ತದೆ. ಈ ಅಳತೆಗೋಲು ನಮ್ಮ ಕಡೆಗೂ ತಿರುಗಬಲ್ಲದು. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಕನ್ನಡವೇ ಅಲ್ಪಸಂಖ್ಯಾತರ ಭಾಷೆ. ಅಲ್ಲಿನ ಫಲಕಗಳನ್ನಷ್ಟೇ ಎಣಿಸಿ ಕನ್ನಡದ ಬಲವನ್ನು ನಿರ್ಧರಿಸುವುದನ್ನು ನಾವು ಒಪ್ಪುವುದಿಲ್ಲ. ಅಲ್ಲಿ ಒಪ್ಪದ ವಿಧಾನವನ್ನು ಇಲ್ಲಿ ಒಪ್ಪಲು ಶಾಸ್ತ್ರೀಯ ಕಾರಣವಿಲ್ಲ.

ಫಲಕಗಳ ಅಧ್ಯಯನವನ್ನು ಕೈಬಿಡಬೇಕೆಂದು ನಾವು ಹೇಳುತ್ತಿಲ್ಲ. ಆಂಟ್‌ವರ್ಪ್‌ನ ಬೆರ್ಖೆಮ್ ಬಡಾವಣೆಯನ್ನು ಕುರಿತ ಬ್ಲೊಮಾರ್ಟ್ ಅವರ 2013ರ ಕೃತಿ, ಒಂದೇ ನೆರೆಹೊರೆಯನ್ನು ದೀರ್ಘಕಾಲ ಗಮನಿಸಿದರೆ ಫಲಕಗಳೇ ಚರಿತ್ರೆಯಾಗಿ ತೆರೆದುಕೊಳ್ಳುತ್ತವೆ ಎಂಬುದನ್ನು ತೋರಿಸಿದೆ. ಎಣಿಕೆಗೆ ಮುನ್ನ ಮೂರು ಕೆಲಸಗಳು ಆಗಬೇಕೆಂಬುದಷ್ಟೇ ನಮ್ಮ ವಾದ. ಪ್ರತಿ ಫಲಕದ ಗೋಡೆ ಯಾರ ಒಡೆತನದ್ದು, ಯಾವ ನಿಯಮಕ್ಕೆ ಒಳಪಟ್ಟದ್ದು ಎಂಬುದನ್ನು ದಾಖಲಿಸಬೇಕು. ಲಿಪಿ, ಪದ, ಪ್ರತ್ಯಯಗಳನ್ನು ಬೇರೆ ಬೇರೆ ಪದರಗಳಾಗಿ ಗುರುತಿಸಬೇಕು. ಅಂಗಡಿ ಸಾಲಿನ ಹೊರಗಿರುವ ಸಮಾಧಿಕಲ್ಲು, ಜಾತ್ರೆಯ ಕರಪತ್ರ, ಮರಣವಾರ್ತೆಯ ಫ್ಲೆಕ್ಸ್, ಚರ್ಚಿನ ಪೂಜಾ ವೇಳಾಪಟ್ಟಿಗಳನ್ನೂ, ಅವನ್ನು ಓದುವವರನ್ನೂ ಮಾದರಿಯೊಳಗೆ ತರಬೇಕು. ಕೋಲಾರಮ್ಮನ ಗುಡಿಯ ಶಾಸನಕ್ಕೆ ತೋರುವ ಎಚ್ಚರವನ್ನು ರಾಬರ್ಟ್‌ಸನ್‌ಪೇಟೆಯ ಅಂಗಡಿ ಫಲಕಕ್ಕೂ ತೋರುವುದು ಅಸಾಧ್ಯವಾದ ಬೇಡಿಕೆಯೇನೂ ಅಲ್ಲ.